ವಿಕ್ಟೋರಿಯಾ ಕಾಲದ ಬೇಸಿಗೆಮನೆ

ಬ್ರಿಟನ್ನಿನ ಉದ್ಯಾನಗಳಲ್ಲಿ, ವಾಸದ ಮನೆಯಿಂದ ಒಂದಿಷ್ಟು ದೂರದಲ್ಲಿ, ಹಗಲು ಹೊತ್ತು ಕೂತು ಕಾಲ ಕಳೆಯುವುದಕ್ಕೆಂದೇ ಕಟ್ಟುತ್ತಿದ್ದ ಸಣ್ಣ ಕಟ್ಟಡಕ್ಕೆ ಇಂಗ್ಲಿಷಿನಲ್ಲಿ ಸಮರ್‌ಹೌಸ್ ಎಂದು ಹೆಸರು. ಮೂರು ಕಡೆ ಗೋಡೆ, ಮುಂದೆ ತೆರೆದ ಬಾಯಿ, ಗೋಡೆಗುಂಟ ಒಂದು ಬೆಂಚು, ಮೇಲೊಂದು ಮಾಡು ಇದ್ದರೆ ಸಾಕು, ಬೇಸಿಗೆಮನೆ ಆಯಿತು. ಒಲೆ, ಮಂಚ, ಉಗ್ರಾಣ ಬೇಕಿಲ್ಲ. ರಾತ್ರಿ ಅಲ್ಲಿ ಯಾರೂ ಮಲಗುವುದಿಲ್ಲ. ಈ ಬಗೆಯ ಕಟ್ಟಡ ಹಳೆಯದೇ. ಆದರೆ ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ (1837–1901) ಅದು ಜಮೀನುದಾರರ ಎಸ್ಟೇಟುಗಳಿಂದ ಇಳಿದು ಪೇಟೆಯಂಚಿನ ವ್ಯಾಪಾರಿಯ, ವಕೀಲನ, ಗುಮಾಸ್ತನ ಹಿತ್ತಿಲಿಗೂ ಬಂದು ಕೂತಿತು.

ಕನ್ನಡದಲ್ಲಿ ಇದಕ್ಕೆ ಒಪ್ಪುವ ಹೆಸರು ಹುಡುಕುವುದು ಸ್ವಲ್ಪ ಕಷ್ಟ. ‘ತೋಟದ ಮನೆ’ ಎಂದರೆ ನಮಗೆ ಅಡಿಕೆಯ ನಡುವೆ ಸಂಸಾರ ಹೂಡಿಕೊಂಡಿರುವ ಮನೆ. ‘ಬೇಸಿಗೆ ಅರಮನೆ’ ಎಂದರೆ ಬೆಂಗಳೂರಿನ ಕೋಟೆ ಪ್ರದೇಶದಲ್ಲಿ 1791ರಲ್ಲಿ ಮುಗಿದ ಟಿಪ್ಪುವಿನ ತೇಗದ ಕಂಬಗಳ ಅರಮನೆಯೋ ಶ್ರೀರಂಗಪಟ್ಟಣದ ದರಿಯಾ ದೌಲತ್ತೋ ನೆನಪಾಗುತ್ತದೆ. ಅವು ರಾಜ್ಯಭಾರ ನಡೆಯುತ್ತಿದ್ದ ಜಾಗಗಳು. ‘ಲತಾಮಂಟಪ’ ಕಾವ್ಯದ ಮಾತು. ಅದಕ್ಕೆ ಬಳ್ಳಿಯೇ ಮಾಡು. ಇಂಗ್ಲಿಷಿನಲ್ಲೂ ಗೊಂದಲ ಕಡಿಮೆಯೇನಿಲ್ಲ. ಬಳ್ಳಿ ಹಬ್ಬಿಸಿದ ಹಂದರ ಆರ್ಬರ್ ಅಥವಾ ಬವರ್. ನೋಟಕ್ಕೆಂದು ಎತ್ತರದಲ್ಲಿ ನಿಲ್ಲಿಸಿದ್ದು ಗಝೀಬೊ. ಬೇರುಗಳನ್ನು ಹೆಣೆದದ್ದು ರೂಟ್‌ಹೌಸ್. ಗೋಡೆಗೆ ಪಾಚಿ ತುಂಬಿದ್ದು ಮಾಸ್‌ಹೌಸ್. ಕಿಯೋಸ್ಕ್ ಎಂಬುದು ತುರ್ಕಿಯ ಕಡೆಯಿಂದ ಬಂದ ಹೆಸರು. ಬಳಸುವವರು ಈ ಭೇದಗಳನ್ನು ಕಟ್ಟುನಿಟ್ಟಾಗಿ ಪಾಲಿಸಿದವರಲ್ಲ. ಈ ಲೇಖನದಲ್ಲಿ ಎಲ್ಲಕ್ಕೂ ಬೇಸಿಗೆಮನೆ ಎಂಬ ಒಂದೇ ಹೆಸರು ಸಾಕು. ಇವೆಲ್ಲವುಗಳಿಗೂ ಸಮಾನವಾದದ್ದು ಆಕಾರವಲ್ಲ, ಮನೆಯಿಂದ ಇರುವ ದೂರ. ಆ ದೂರ ನೂರು ಗಜವಿರಬಹುದು, ಹತ್ತು ಗಜವಿರಬಹುದು.

ಹಿನ್ನೆಲೆ

16–17ನೇ ಶತಮಾನಗಳ ಇಂಗ್ಲೆಂಡಿನಲ್ಲಿ ದೊಡ್ಡ ಮನೆಗಳವರು ಊಟ ಮುಗಿಸಿ, ಹಣ್ಣು, ಸಿಹಿತಿಂಡಿ, ಮದ್ಯಕ್ಕೆಂದು ತೋಟದ ಮೂಲೆಯ ಕಟ್ಟಡಕ್ಕೆ ನಡೆದು ಹೋಗುವ ಪದ್ಧತಿ ಇತ್ತು. ಸಾಮರ್‌ಸೆಟ್‌ನ ಮಾಂಟಕ್ಯೂಟ್ ಮನೆಯ ಅಂಗಳದ ಎರಡು ಮೂಲೆಗಳಲ್ಲಿ ಇಂದಿಗೂ ನಿಂತಿರುವ ಕಲ್ಲಿನ ಮಂಟಪಗಳು ಆ ಕಾಲದವು. 18ನೇ ಶತಮಾನದಲ್ಲಿ ಉದ್ಯಾನವೆಂದರೆ ಕಣ್ಣಳತೆಗೆ ಮೀರಿದ ಭೂದೃಶ್ಯ ಎಂದಾಯಿತು; ಸ್ಟೋ, ಸ್ಟೂರ್‌ಹೆಡ್‌ನಂಥ ಕಡೆ ಕೆರೆಯ ದಂಡೆಯ ಮೇಲೆ ರೋಮನ್ ದೇಗುಲಗಳು ಎದ್ದವು. ಅದೇ ಹೊತ್ತಿಗೆ ಇನ್ನೊಂದು, ತೀರ ವಿರುದ್ಧವಾದ ರುಚಿಯೂ ಮೊಳೆಯಿತು. ವಿಲಿಯಂ ರೈಟ್ 1767ರಲ್ಲಿ ಪ್ರಕಟಿಸಿದ ‘ಗ್ರೊಟೆಸ್ಕ್ ಆರ್ಕಿಟೆಕ್ಚರ್’ ಎಂಬ ನಕ್ಷೆಪುಸ್ತಕದಲ್ಲಿ ಗುಡಿಸಲು, ಸನ್ಯಾಸಿಯ ಕುಟೀರ, ಬೇರು-ಪಾಚಿಗಳ ಗೂಡುಗಳು ತುಂಬಿವೆ. ವಿಕ್ಟೋರಿಯಾ ಕಾಲ ಮುಖ್ಯವಾಗಿ ಎತ್ತಿಕೊಂಡದ್ದು ಈ ಎರಡನೆಯ ಎಳೆಯನ್ನು.

ಡೆವನ್ ಪ್ರಾಂತದ ಕಿಲರ್ಟನ್‌ನಲ್ಲಿ 1808ರಲ್ಲಿ ಸರ್ ಥಾಮಸ್ ಆಕ್‌ಲಂಡ್ ತನ್ನ ಹೆಂಡತಿ ಲಿಡಿಯಾಗೆ ತಿಳಿಯದಂತೆ, ಉಡುಗೊರೆಯಾಗಿ ಕಟ್ಟಿಸಿದ ಮನೆ ಈ ಎಳೆಯ ಸೊಗಸಾದ ಮಾದರಿ. ಹೊರಗೆ ತೊಗಟೆ ಬಿಡಿಸದ ದಿಮ್ಮಿಗಳು, ಮೇಲೆ ಹುಲ್ಲಿನ ಮಾಡು. ಒಂದೊಂದು ಕೋಣೆಗೂ ಒಂದೊಂದು ನೆಲ: ಒಂದರಲ್ಲಿ ಅಡ್ಡ ಕೊಯ್ದ ಮರದ ತುಂಡುಗಳು, ಒಂದರಲ್ಲಿ ಉರುಟುಗಲ್ಲು, ಒಳಗಿನದರಲ್ಲಿ ಜಿಂಕೆಯ ಗೆಣ್ಣುಮೂಳೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಮಾಡಿದ ನೆಲ. ಅರ್ಧ ಶತಮಾನದ ನಂತರ ಆ ಕುಟುಂಬದ ಹುಡುಗನೊಬ್ಬ ಕೆನಡಾದಿಂದ ಕರಿ ಕರಡಿಯೊಂದನ್ನು ತಂದು ಅಲ್ಲಿ ಸಾಕಿದ. ಅಂದಿನಿಂದ ಅದು ಕರಡಿಯ ಗುಡಿಸಲೆಂದೇ ಹೆಸರಾಯಿತು.

ಹಿತ್ತಿಲಿಗೆ ಬಂದ ಬಗೆ

ರೈಲು ಬಂದ ಮೇಲೆ ಲಂಡನ್, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್‌ಗಳ ಸುತ್ತ ಹೊಸ ಬಡಾವಣೆಗಳು ಬೆಳೆದವು. ಅಂಗಡಿಯ ಮೇಲೇ ವಾಸವಾಗಿದ್ದ ವ್ಯಾಪಾರಿ ಈಗ ದುಡಿಯುವ ಜಾಗದಿಂದ ಮೈಲುಗಟ್ಟಲೆ ಆಚೆ, ಕಾಲು ಎಕರೆ ಹಿತ್ತಿಲಿನ ವಿಲ್ಲಾದಲ್ಲಿ ಇರತೊಡಗಿದ. ಅವನಿಗೆ ಉದ್ಯಾನವೆಂದರೇನು ಎಂದು ಹೇಳಿಕೊಡುವವರು ಬೇಕಾಗಿತ್ತು. ಆ ಕೆಲಸವನ್ನು ಎಲ್ಲರಿಗಿಂತ ಹೆಚ್ಚಾಗಿ ಮಾಡಿದವನು ಸ್ಕಾಟ್‌ಲಂಡಿನ ಜಾನ್ ಕ್ಲಾಡಿಯಸ್ ಲೌಡನ್ (1783–1843). 1825ರಲ್ಲಿ ಬಲಗೈಯನ್ನು ಕತ್ತರಿಸಿಹಾಕಬೇಕಾಗಿ ಬಂದ ಮೇಲೆ ಅವನು ಬಾಯಲ್ಲಿ ಹೇಳುವುದು, ಹೆಂಡತಿ ಜೇನ್ ಬರೆದುಕೊಳ್ಳುವುದು ರೂಢಿಯಾಯಿತು. ಹಾಗೆ ಹೊರಬಂದ ಪುಟಗಳ ರಾಶಿ ಬೆರಗು ಹುಟ್ಟಿಸುತ್ತದೆ. 1838ರ ‘ದಿ ಸಬರ್ಬನ್ ಗಾರ್ಡನರ್ ಅಂಡ್ ವಿಲ್ಲಾ ಕಂಪ್ಯಾನಿಯನ್’ನಲ್ಲಿ ಅವನು ಪೇಟೆಯಂಚಿನ ಉದ್ಯಾನಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದ. ಹತ್ತು ಎಕರೆಗೆ ಮೇಲ್ಪಟ್ಟದ್ದು ಒಂದನೇ ದರ್ಜೆ. ಒಂದು ಎಕರೆಗೂ ಕಡಿಮೆಯದು ನಾಲ್ಕನೆಯದು. ಕೊನೆಯ ದರ್ಜೆಯವನೂ ಓದಬಹುದಾದ ಪುಸ್ತಕವೊಂದನ್ನು ಬರೆದನೆಂಬುದೇ ಹೊಸ ಸಂಗತಿ.

ಉಳಿದದ್ದನ್ನು ತೆರಿಗೆ ಮತ್ತು ಯಂತ್ರಗಳು ಮಾಡಿದವು. 1746ರಿಂದ ಗಾಜಿನ ಮೇಲಿದ್ದ ಸುಂಕ 1845ರಲ್ಲಿ ರದ್ದಾಯಿತು, ಇಟ್ಟಿಗೆಯದು 1850ರಲ್ಲಿ. ಎಡ್ವಿನ್ ಬಡಿಂಗ್ 1830ರಲ್ಲಿ ಹಕ್ಕುಪತ್ರ ಪಡೆದ ಹುಲ್ಲು ಕತ್ತರಿಸುವ ಯಂತ್ರದಿಂದ, ಕುಡುಗೋಲಿನ ಆಳುಗಳಿಲ್ಲದವನಿಗೂ ನುಣುಪಾದ ಹುಲ್ಲುಹಾಸು ಎಟುಕಿತು. ಆ ಹುಲ್ಲಿನ ಮೇಲೆ 1860ರ ದಶಕದಲ್ಲಿ ಕ್ರೋಕೆ, 1874ರ ನಂತರ ಟೆನಿಸ್ ಬಂದವು. ಆಟವೆಂದ ಮೇಲೆ ನೋಡುವವರಿಗೆ ನೆರಳು, ಬ್ಯಾಟು-ಬಲೆ ಇಡಲು ಜಾಗ, ಚಹಾದ ತಟ್ಟೆಗೆ ಮೇಜು ಬೇಕಲ್ಲ.

ಇಷ್ಟೆಲ್ಲ ಸರಿ, ಆದರೆ ಹತ್ತು ಗಜದ ಆಚೆ ಇನ್ನೊಂದು ಸೂರು ಏಕೆ ಬೇಕಾಯಿತು? ವಿಕ್ಟೋರಿಯಾ ಕಾಲದ ಮಧ್ಯಮವರ್ಗದ ಮನೆ ಜನರಿಂದ ತುಂಬಿ ತುಳುಕುತ್ತಿತ್ತು. ಎಂಟು ಹತ್ತು ಮಕ್ಕಳು, ಮದುವೆಯಾಗದ ಅತ್ತೆಯರು, ಅಡುಗೆಯವಳು, ಕೆಲಸದವರು. ಪ್ರತಿಯೊಂದು ಕೋಣೆಗೂ ಹೊತ್ತು, ನಿಯಮ, ಉಡುಪು. ಮನೆ ಬಿಡದೆ ಮನೆಯಿಂದ ಹೊರಗಿರುವ ಉಪಾಯ ಎಂದರೆ ಇದೊಂದೇ. ಚಾರ್ಲ್ಸ್ ಡಿಕನ್ಸ್ ಇದನ್ನು ಚೆನ್ನಾಗಿ ಬಲ್ಲವನಾಗಿದ್ದ. ‘ಪಿಕ್‌ವಿಕ್ ಪೇಪರ್ಸ್’ನಲ್ಲಿ ಟಪ್‌ಮನ್ ತನ್ನ ಪ್ರೇಮವನ್ನು ನಿವೇದಿಸಿಕೊಳ್ಳುವುದು ತೋಟದ ಹಂದರದೊಳಗೆ, ಸದಾ ತೂಕಡಿಸುವ ದಪ್ಪ ಹುಡುಗ ಆ ಒಂದು ಹೊತ್ತು ಎಚ್ಚರವಾಗಿದ್ದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ನಲ್ಲಿ (1860–61) ವಕೀಲನ ಗುಮಾಸ್ತ ವೆಮಿಕ್‌ನ ಪುಟ್ಟ ಹಿತ್ತಿಲಿನಲ್ಲಿ ಹಂದರವಿರುವುದು ಮನೆಯಿಂದ ಹನ್ನೆರಡು ಗಜದಲ್ಲಿ. ಆದರೆ ದಾರಿಯನ್ನು ಎಷ್ಟು ಜಾಣತನದಿಂದ ಸುತ್ತಿಬಳಸಿದ್ದಾನೆಂದರೆ ಅಲ್ಲಿ ತಲುಪಲು ಬಹಳ ಹೊತ್ತು ಹಿಡಿಯುತ್ತದೆ. ನಗಿಸಲು ಬರೆದ ಮಾತೇ, ಆದರೂ ಅಂದಿನ ಉದ್ಯಾನಶಾಸ್ತ್ರದ ಸೂತ್ರವೇ ಅದು. ಜಾಗ ಇಲ್ಲದಿದ್ದರೆ ದಾರಿಯನ್ನು ಬಗ್ಗಿಸಿ, ಪೊದೆಗಳನ್ನು ನೆಟ್ಟು ಮನೆಯ ಕಿಟಕಿಯನ್ನು ಮರೆಮಾಡಿ, ತಿರುವು ಕಳೆದ ಮೇಲಷ್ಟೇ ಕಟ್ಟಡ ಕಾಣುವಂತೆ ಮಾಡಬೇಕು.

ಕಟ್ಟುವ ಕ್ರಮ

ವಿಕ್ಟೋರಿಯಾ ಕಾಲದ ಬೇಸಿಗೆಮನೆಗಳಲ್ಲಿ ದೊಡ್ಡ ಪಾಲು ‘ರಸ್ಟಿಕ್’ ಶೈಲಿಯವು, ಅಂದರೆ ಕಾಡಿನಿಂದ ತಂದ ಹಾಗೇ ಕಾಣುವ ಮರದವು. ನಕ್ಷೆ ಹೆಚ್ಚಾಗಿ ಆರು ಅಥವಾ ಎಂಟು ಮೂಲೆಯದು. ಗೋಡೆಗೆ ಒರಗಿಸಿದರೆ ಅದರ ಅರ್ಧ. ಮೂಲೆಗೊಂದರಂತೆ ತೊಗಟೆ ಬಿಡಿಸದ ಲಾರ್ಚ್ ಅಥವಾ ಓಕ್ ಮರದ ಕಂಬಗಳನ್ನು ನಿಲ್ಲಿಸುತ್ತಿದ್ದರು. ಎರಡು ಕಂಬಗಳ ನಡುವೆ ವಕ್ರವಾದ ಕೊಂಬೆಗಳನ್ನು ಎದುರುಬದಿರು ಜೋಡಿಸಿದರೆ ಗೋಥಿಕ್ ಕಮಾನು ತಾನಾಗಿಯೇ ಮೂಡುತ್ತಿತ್ತು. ಇಗರ್ಜಿಗಳ ಕಲ್ಲಿನ ಕಮಾನು ಹುಟ್ಟಿದ್ದೇ ಕಾಡಿನ ಕೊಂಬೆಗಳಿಂದ ಎಂಬ ನಂಬಿಕೆ ಆಗ ವಿದ್ಯಾವಂತರಲ್ಲೂ ಇತ್ತು. ಹಾಗಾಗಿ ಈ ಗುಡಿಸಲು ಅವರಿಗೆ ಬರೀ ಗುಡಿಸಲಲ್ಲ, ವಾಸ್ತುಶಿಲ್ಪದ ಬಾಲ್ಯ.

ಒಳಗೋಡೆಯೇ ಕುಶಲಿಗಳ ಹೆಮ್ಮೆ. ಹೇಝಲ್ ಗಿಡದ ಸಪೂರ ಕೋಲುಗಳನ್ನು ಉದ್ದಕ್ಕೆ ಸೀಳಿ, ಸೀಳಿದ ಮೈಯನ್ನು ಹಲಗೆಗೆ ಒತ್ತಿ ಮೊಳೆ ಹೊಡೆಯುತ್ತಿದ್ದರು. ತೊಗಟೆಯ ಬಣ್ಣಗಳನ್ನು ಆರಿಸಿ ಓರೆಯಾಗಿ, ಅಡ್ಡವಾಗಿ, ನಕ್ಷತ್ರದಂತೆ ಕೂಡಿಸಿದರೆ ಗೋಡೆಯ ತುಂಬ ಮರದ ರಂಗೋಲಿ. ಪೈನ್ ಕಾಯಿಗಳನ್ನು ಸಾಲಾಗಿ ಅಂಟಿಸಿ ಅಂಚು ಕಟ್ಟುವುದೂ ಇತ್ತು. ಪಾಚಿಮನೆಯ ವಿಧಾನ ಇನ್ನೂ ತಾಳ್ಮೆಯದು. ಕಂಬದಿಂದ ಕಂಬಕ್ಕೆ ತೆಳ್ಳನೆಯ ರೀಪುಗಳನ್ನು ಕಿರಿದಾದ ಸಂದು ಬಿಟ್ಟು ಹೊಡೆದು, ಕಾಡಿನಿಂದ ತಂದ ಪಾಚಿಯನ್ನು ಹಿಡಿ ಹಿಡಿಯಾಗಿ, ಬೇರಿನ ಭಾಗ ಒಳಗಾಗುವಂತೆ, ಮೊಂಡಾದ ಮರದ ಬೆಣೆಯಿಂದ ಆ ಸಂದುಗಳೊಳಗೆ ತುರುಕಬೇಕು. ಪಾಚಿಯಲ್ಲಿ ಹಸಿರು, ಹಳದಿ, ಕಂದು, ಬೂದು ಬಣ್ಣಗಳ ಜಾತಿಗಳಿವೆ. ಅವನ್ನು ಬೇರ್ಪಡಿಸಿ ತುಂಬಿದರೆ ಜಮಖಾನೆಯಂಥ ವಿನ್ಯಾಸ. ವರ್ಷ ಕಳೆದಂತೆ ಬಣ್ಣ ಮಾಸುತ್ತದೆ, ಹಕ್ಕಿಗಳು ಗೂಡಿಗೆಂದು ಕಿತ್ತೊಯ್ಯುತ್ತವೆ, ಮತ್ತೆ ತುಂಬಬೇಕು. ಈ ಕೆಲಸಕ್ಕೆ ವಿಕ್ಟೋರಿಯಾಳ ಕಾಲವನ್ನೇ ಕಾಯಬೇಕಿರಲಿಲ್ಲ. ಕವಿ ವರ್ಡ್ಸ್‌ವರ್ತ್ 1804ರಲ್ಲೇ ಗ್ರಾಸ್‌ಮಿಯರ್‌ನ ತನ್ನ ಮನೆಯ ಹಿಂದಿನ ದಿಬ್ಬದ ಮೇಲೆ ಪಾಚಿಯ ಗುಡಿಸಲು ಹಾಕಿಕೊಂಡಿದ್ದ.

ಮಾಡಿಗೆ ಜೊಂಡು, ಗೋಧಿಹುಲ್ಲು ಅಥವಾ ಸ್ಕಾಟ್‌ಲಂಡಿನ ಕಡೆ ಹೆದರ್ ಎಂಬ ಬೆಟ್ಟದ ಕುರುಚಲು ಗಿಡ. ಸೂರು ಗೋಡೆಯಿಂದ ಸಾಕಷ್ಟು ಮುಂದೆ ಚಾಚಬೇಕು, ಇಲ್ಲವಾದರೆ ತೊಗಟೆ ನೆನೆಯುತ್ತದೆ. ಒಂದೆರಡು ಕಿಟಕಿಗೆ ಬಣ್ಣದ ಗಾಜು. ಹೊರಗಿನ ಮಂಕು ಆಕಾಶ ಹಳದಿ ಗಾಜಿನಲ್ಲಿ ಬಿಸಿಲಾಗಿ ಕಾಣಲಿ ಎಂಬ ಆಸೆ.

ಶರ್ಲಿ ಹಿಬರ್ಡ್ 1856ರಲ್ಲಿ ಪ್ರಕಟಿಸಿದ ‘ರಸ್ಟಿಕ್ ಅಡಾರ್ನ್‌ಮೆಂಟ್ಸ್ ಫಾರ್ ಹೋಮ್ಸ್ ಆಫ್ ಟೇಸ್ಟ್’ ಈ ರುಚಿಯ ಕೈಪಿಡಿ. ಮೀನಿನ ತೊಟ್ಟಿ, ಜರೀಗಿಡದ ಗಾಜಿನ ಪೆಟ್ಟಿಗೆ, ಪಕ್ಷಿಗೂಡುಗಳ ಜೊತೆಗೆ ಬೇಸಿಗೆಮನೆಯನ್ನೂ ಅವನು ಸದಭಿರುಚಿಯ ಮನೆಗೆ ಬೇಕಾದ ಸಾಮಾನುಗಳಲ್ಲಿ ಸೇರಿಸಿದ. ಅಲ್ಲಿಗೆ ಅದು ಕಟ್ಟಡಕ್ಕಿಂತ ಹೆಚ್ಚಾಗಿ ಪೀಠೋಪಕರಣ ಎನಿಸಿತೆಂದರೆ ತಪ್ಪಲ್ಲ.

ಈ ರಚನೆಯ ದೋಷ ಅದರ ಸೊಬಗಿನಲ್ಲೇ ಇತ್ತು. ತೊಗಟೆಯ ಕೆಳಗೆ ತೇವ ನಿಲ್ಲುತ್ತದೆ, ಹುಳು ಸೇರುತ್ತದೆ. ಕಂಬದ ಬುಡ ನೆಲಕ್ಕೆ ತಾಗಿದಲ್ಲಿ ಕೊಳೆಯುತ್ತದೆ. ಜಾನ್ ಬೆಥೆಲ್ 1838ರಲ್ಲಿ ಮರಕ್ಕೆ ಕ್ರಿಯೋಸೋಟ್ ಎಣ್ಣೆ ಉಣಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದನಾದರೂ ಅದು ಒಗ್ಗಿದ್ದು ರೈಲು ಹಳಿಯ ಸ್ಲೀಪರುಗಳಿಗೆ. ಅದರ ಕಪ್ಪು ಬಣ್ಣ, ಘಾಟು ವಾಸನೆಗಳ ನಡುವೆ ಕೂತು ಚಹಾ ಕುಡಿಯುವವರಾರು?

ಅರಮನೆಯ ಪ್ರಯೋಗ

ಈ ಕಾಲದ ಅತ್ಯಂತ ಮಹತ್ವಾಕಾಂಕ್ಷೆಯ ಬೇಸಿಗೆಮನೆ ಇದ್ದದ್ದು ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ತೋಟದಲ್ಲಿ, ಕೆರೆಯತ್ತ ನೋಡುವ ಕೃತಕ ದಿಬ್ಬದ ಮೇಲೆ. ಹಿನ್ನೆಲೆ ರಾಜಕೀಯದ್ದು. 1834ರ ಬೆಂಕಿಯಲ್ಲಿ ಪಾರ್ಲಿಮೆಂಟ್ ಭವನ ಸುಟ್ಟುಹೋಗಿತ್ತು. ಹೊಸ ಭವನದ ಗೋಡೆಗಳ ಮೇಲೆ ಇಟಲಿಯಂತೆ ಹಸಿ ಗಾರೆಯ ಚಿತ್ರಗಳನ್ನು, ಅಂದರೆ ಫ್ರೆಸ್ಕೊಗಳನ್ನು ಬರೆಸಬೇಕೆಂಬ ಯೋಚನೆ ಇತ್ತು. ಅದಕ್ಕೆಂದು 1841ರಲ್ಲಿ ನೇಮಿಸಿದ ಆಯೋಗದ ಅಧ್ಯಕ್ಷ ರಾಣಿಯ ಪತಿ ಆಲ್ಬರ್ಟ್. ಇಂಗ್ಲೆಂಡಿನ ಚಿತ್ರಕಾರರಿಗೆ ಫ್ರೆಸ್ಕೊ ಅಭ್ಯಾಸವಿರಲಿಲ್ಲ. ಪಾರ್ಲಿಮೆಂಟಿನ ಗೋಡೆ ಕೆಡಿಸುವ ಮೊದಲು ತನ್ನ ತೋಟದ ಗೋಡೆಯ ಮೇಲೆ ಕೈ ಪಳಗಿಸಿಕೊಳ್ಳಲಿ ಎಂದು ಆಲ್ಬರ್ಟ್ ಯೋಚಿಸಿದ.

1842ರಿಂದ 1844ರವರೆಗೆ ಕೆಲಸ ನಡೆಯಿತು. ನಡುವೆ ಎಂಟು ಮೂಲೆಯ ಕೋಣೆ, ಅಕ್ಕಪಕ್ಕದಲ್ಲಿ ಎರಡು ಚಿಕ್ಕವು. ನಡುಕೋಣೆಯ ಎಂಟು ಅರ್ಧಚಂದ್ರ ಭಾಗಗಳಲ್ಲಿ ಎಂಟು ಮಂದಿ, ಮಿಲ್ಟನ್ ಕವಿಯ ‘ಕೋಮಸ್’ ನಾಟಕದ ದೃಶ್ಯಗಳನ್ನು ಬರೆಯಬೇಕು. ಲ್ಯಾಂಡ್‌ಸಿಯರ್, ಮೆಕ್ಲೀಸ್, ಈಸ್ಟ್‌ಲೇಕ್, ಸ್ಟ್ಯಾನ್‌ಫೀಲ್ಡ್, ಲೆಸ್ಲಿ, ಯೂವಿನ್ಸ್, ರಾಸ್, ಎಟಿ – ಅಂದಿನ ಹೆಸರಾಂತ ಕಲಾವಿದರೆಲ್ಲ ಆ ಪುಟ್ಟ ಕೋಣೆಯಲ್ಲಿ ಮೈಗೆ ಮೈ ತಾಗುವಂತೆ ದುಡಿದರು. ಎಟಿಯ ಚಿತ್ರ ಒಪ್ಪಿಗೆಯಾಗದೆ ಅದನ್ನು ತೆಗೆದು, ಫ್ರೆಸ್ಕೊ ನಿಜವಾಗಿ ಬಲ್ಲ ವಿಲಿಯಂ ಡೈಸ್‌ನಿಂದ ಬರೆಸಿದರು. ಪಕ್ಕದ ಕೋಣೆಗಳಲ್ಲೊಂದು ವಾಲ್ಟರ್ ಸ್ಕಾಟ್‌ನ ಕೃತಿಗಳಿಗೆ ಮೀಸಲು, ಇನ್ನೊಂದು ಪಾಂಪೆಯ ಮಾದರಿಯದು. ಒಟ್ಟು ಅಲಂಕಾರ ಜರ್ಮನ್ ಕಲಾವಿದ ಲುಡ್ವಿಗ್ ಗ್ರೂನರ್‌ನ ಉಸ್ತುವಾರಿಯಲ್ಲಿತ್ತು. ಅವನು 1846ರಲ್ಲಿ ಇದರ ಚಿತ್ರಗಳ ದೊಡ್ಡ ಪುಸ್ತಕವನ್ನೇ ತಂದ. ರಾಣಿ, ಆಲ್ಬರ್ಟ್ ಇಬ್ಬರೂ ಕೆಲಸ ನಡೆಯುತ್ತಿದ್ದಾಗ ಮುನ್ಸೂಚನೆ ಇಲ್ಲದೆ ಬಂದು ನಿಲ್ಲುತ್ತಿದ್ದರು.

ಪ್ರಯೋಗ ಗೆದ್ದಿತೆನ್ನಲು ಬರುವುದಿಲ್ಲ. ಲಂಡನ್ನಿನ ಹೊಗೆ, ತೇವಗಳಲ್ಲಿ ಫ್ರೆಸ್ಕೊ ಬಾಳುವುದಿಲ್ಲ ಎಂಬ ಪಾಠವನ್ನು ಆ ದಿಬ್ಬದ ಗೋಡೆಗಳೂ ಆಮೇಲೆ ಪಾರ್ಲಿಮೆಂಟಿನ ಗೋಡೆಗಳೂ ಕಲಿಸಿದವು. ಮಂಟಪ ಜೀರ್ಣವಾಗಿ 1928ರಲ್ಲಿ ಅದನ್ನು ಕೆಡವಿದರು. ಈಗ ಅದು ಉಳಿದಿರುವುದು ಗ್ರೂನರ್‌ನ ಪುಸ್ತಕದಲ್ಲಿ.

ಆಲ್ಬರ್ಟ್‌ನ ಇನ್ನೊಂದು ಕಟ್ಟಡ ಇನ್ನೂ ಇದೆ, ಮತ್ತು ಅದೇ ಹೆಚ್ಚು ಆಪ್ತವಾದದ್ದು. ವೈಟ್ ದ್ವೀಪದ ಆಸ್ಬರ್ನ್ ಮನೆಯಿಂದ ಅರ್ಧ ಮೈಲಿಗೂ ಹೆಚ್ಚು ದೂರದಲ್ಲಿ, ತನ್ನ ಮಕ್ಕಳಿಗೆಂದು 1853–54ರಲ್ಲಿ ಕಟ್ಟಿಸಿದ ‘ಸ್ವಿಸ್ ಕಾಟೇಜ್’. ಆಲ್ಪ್ಸ್ ಬೆಟ್ಟದ ರೈತಮನೆಯ ಮಾದರಿ: ಮರದ ಗೋಡೆ, ಮುಂಚಾಚಿದ ಸೂರು, ಮೇಲೊಂದು ಮೊಗಸಾಲೆ. ಒಳಗೆ ಮಕ್ಕಳ ಎತ್ತರಕ್ಕೆ ಒಲೆ ಇಟ್ಟು ರಾಜಕುಮಾರಿಯರು ನಿಜವಾಗಿಯೂ ಬೇಯಿಸುತ್ತಿದ್ದರು. ಹೊರಗೆ ಒಬ್ಬೊಬ್ಬರಿಗೂ ಒಂದೊಂದು ತರಕಾರಿ ಪಾತಿ. ಹೆಸರಿನ ಮೊದಲ ಅಕ್ಷರ ಬರೆದ ಪುಟ್ಟ ಗುದ್ದಲಿ, ತಳ್ಳುಗಾಡಿ. ಬೆಳೆದದ್ದನ್ನು ತೋಟದ ಮೇಲ್ವಿಚಾರಕನಿಗೆ ತೋರಿಸಿ ಚೀಟಿ ಪಡೆದರೆ ತಂದೆ ಮಾರುಕಟ್ಟೆಯ ದರದಲ್ಲಿ ಹಣ ಕೊಡುತ್ತಿದ್ದ. ಸಾಮ್ರಾಜ್ಯದ ಉತ್ತರಾಧಿಕಾರಿ ಆಲೂಗಡ್ಡೆಯ ಲೆಕ್ಕ ಕಲಿಯಬೇಕಾದರೂ ಮನೆಯಿಂದ ಅಷ್ಟು ದೂರ ನಡೆಯಬೇಕಾಯಿತು.

ವಿಂಡ್ಸರ್ ಬಳಿಯ ಫ್ರಾಗ್‌ಮೋರ್ ಉದ್ಯಾನದಲ್ಲಿ ಎರಡು ವಿಚಿತ್ರಗಳಿವೆ. ರಾಣಿಯ ತಾಯಿ, ಕೆಂಟ್‌ನ ಡಚೆಸ್, ಕೆರೆದಂಡೆಯ ದಿಬ್ಬದ ಮೇಲೆ ಗುಮ್ಮಟದ ಕಟ್ಟಡವೊಂದನ್ನು ಯೋಜಿಸಿದಳು. ಮೇಲಿನ ಕೋಣೆ ಬದುಕಿರುವವರೆಗೆ ಬೇಸಿಗೆಮನೆ, ಕೆಳಗಿನದು ಸತ್ತ ಮೇಲೆ ಸಮಾಧಿ. ಇಲ್ಲಿಯೂ ಕಲ್ಪನೆ ಗ್ರೂನರ್‌ನದೇ, ಕಟ್ಟಿದ ವಾಸ್ತುಶಿಲ್ಪಿ ಹಂಬರ್ಟ್. ಕೆಲಸ ಪೂರ್ತಿಯಾಗುವ ಮೊದಲೇ, 1861ರ ಮಾರ್ಚಿನಲ್ಲಿ ಆಕೆ ತೀರಿಕೊಂಡಳು. ಬೇಸಿಗೆಮನೆಯಲ್ಲಿ ಒಂದು ದಿನವೂ ಕೂರಲಿಲ್ಲ. ಈಗ ಮೇಲಿನ ಕೋಣೆಯಲ್ಲಿ ಆಕೆಯ ಪ್ರತಿಮೆ ನಿಂತಿದೆ. ಎರಡನೆಯದು ಅದೇ ಉದ್ಯಾನದ ಬಿಳಿ ಅಮೃತಶಿಲೆಯ ಕಿಯೋಸ್ಕ್. ಅದು ಲಖನೌ ನಗರದ ಕೈಸರ್‌ಬಾಗ್ ಅರಮನೆಯ ಭಾಗ. 1857ರ ದಂಗೆಯನ್ನು ಹತ್ತಿಕ್ಕಿ ನಗರವನ್ನು ವಶಪಡಿಸಿಕೊಂಡ ಮೇಲೆ ಗವರ್ನರ್ ಜನರಲ್ ಕ್ಯಾನಿಂಗ್ ಅದನ್ನು 1858ರಲ್ಲಿ ರಾಣಿಗೆ ಕಾಣಿಕೆಯಾಗಿ ಕಳಿಸಿದ. ಇಂಗ್ಲಿಷರು ಚೀನಾದ ಮಂಟಪ, ಸ್ವಿಸ್ ಗುಡಿಸಲುಗಳನ್ನು ನೋಡಿ ನಕಲು ಮಾಡಿದರು. ಇದೊಂದನ್ನು ಮೂಲವನ್ನೇ ಹೊತ್ತು ತಂದರು.

ಚೀನಾದ ನಕಲು ನೋಡಬೇಕಾದರೆ ಸ್ಟಾಫರ್ಡ್‌ಶೈರ್‌ನ ಬಿಡಲ್ಫ್ ಗ್ರೇಂಜ್‌ಗೆ ಹೋಗಬೇಕು. ಜೇಮ್ಸ್ ಬೇಟ್‌ಮನ್ ಎಂಬ ಆರ್ಕಿಡ್ ಪ್ರೇಮಿ 1840ರ ದಶಕದಿಂದ ಬೆಳೆಸಿದ ಈ ತೋಟದಲ್ಲಿ ಕೆಂಪು ಬಣ್ಣದ ಚೀನೀ ದೇಗುಲವೊಂದು ಕೊಳದ ಮೇಲೆ ನಿಂತಿದೆ. ಇನ್ನೊಂದು ಕಡೆ ಕತ್ತರಿಸಿದ ಗಿಡಗಳ ಈಜಿಪ್ಟಿನ ದ್ವಾರ ಹೊಕ್ಕು ಕತ್ತಲೆಯ ದಾರಿಯಲ್ಲಿ ನಡೆದು ಹೊರಬಿದ್ದರೆ, ಹಿಂದಿರುಗಿ ನೋಡಿದಾಗ ಅದು ಚೆಷೈರ್ ಪ್ರಾಂತದ ಮರದ ಚೌಕಟ್ಟಿನ ರೈತಮನೆ!

ಕಬ್ಬಿಣ, ಕ್ಯಾಟಲಾಗು, ಬೆಂಗಳೂರು

1851ರ ಲಂಡನ್ ಮಹಾಪ್ರದರ್ಶನದ ನಂತರ ಕಬ್ಬಿಣದ ಕಾರ್ಖಾನೆಗಳು ತೋಟದತ್ತ ತಿರುಗಿದವು. ಕೋಲ್‌ಬ್ರೂಕ್‌ಡೇಲ್ ಕಂಪನಿಯ ಜರೀಎಲೆಯ ಬೆಂಚುಗಳು, ಗ್ಲಾಸ್ಗೊದ ವಾಲ್ಟರ್ ಮ್ಯಾಕ್‌ಫರ್ಲೇನ್‌ನ ಸರಾಸೆನ್ ಫೌಂಡ್ರಿಯ ಕಂಬ, ಕಮಾನು, ಜಾಲರಿಗಳು ಕ್ಯಾಟಲಾಗಿನ ಅಂಕಿ ನೋಡಿ ಆರ್ಡರ್ ಕೊಟ್ಟರೆ ಬರುತ್ತಿದ್ದವು. ಭಾಗಗಳನ್ನು ಬೋಲ್ಟು ಹಾಕಿ ಕೂಡಿಸಿದರಾಯಿತು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿದ್ದ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಉದ್ಯಾನಕ್ಕೆ 1861ರಲ್ಲಿ ಕ್ಯಾಪ್ಟನ್ ಫ್ರಾನ್ಸಿಸ್ ಫೌಕ್ ಎರಕದ ಕಬ್ಬಿಣದ ಬ್ಯಾಂಡ್‌ಸ್ಟ್ಯಾಂಡ್‌ಗಳನ್ನು ರೂಪಿಸಿದ ಮೇಲೆ, ಬೇಸಿಗೆಮನೆಯ ಎಂಟು ಮೂಲೆಯ ನಕ್ಷೆಯೇ ಎತ್ತರದ ಜಗಲಿ ಹತ್ತಿ ಸಾರ್ವಜನಿಕ ಉದ್ಯಾನಗಳಿಗೆ ಬಂತು. ಖಾಸಗಿಯಾಗಿ ಕೂರಲು ಹುಟ್ಟಿದ ಆಕಾರ ಎಲ್ಲರ ಕಣ್ಣೆದುರಿನ ವೇದಿಕೆಯಾದದ್ದು ವಿನೋದದ ಸಂಗತಿ. ಕಲಾವಿಮರ್ಶಕ ಜಾನ್ ರಸ್ಕಿನ್ ಮಾತ್ರ ಅಚ್ಚಿನಲ್ಲಿ ಎರೆದ ಅಲಂಕಾರವನ್ನು ತನ್ನ 1849ರ ‘ದಿ ಸೆವೆನ್ ಲ್ಯಾಂಪ್ಸ್ ಆಫ್ ಆರ್ಕಿಟೆಕ್ಚರ್’ನಲ್ಲಿ ಖಂಡಿಸಿ, ಕೊನೆಯವರೆಗೂ ಒಪ್ಪಲಿಲ್ಲ.

ಕನ್ನಡಿಗರು ಈ ಪರಂಪರೆಯನ್ನು ನೋಡಿರುವುದು ಬೆಂಗಳೂರಿನಲ್ಲಿ. ಕಬ್ಬನ್ ಪಾರ್ಕಿನ ಎಂಟು ಮೂಲೆಯ ಎರಕದ ಕಬ್ಬಿಣದ ಬ್ಯಾಂಡ್‌ಸ್ಟ್ಯಾಂಡ್ ಇದೇ ಕುಲದ್ದು. ಲಾಲ್‌ಬಾಗಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಅಡಿಗಲ್ಲು ಇಟ್ಟವನು ವಿಕ್ಟೋರಿಯಾಳ ಮೊಮ್ಮಗ ಆಲ್ಬರ್ಟ್ ವಿಕ್ಟರ್, ಅದರ ಕಬ್ಬಿಣ ಬಂದದ್ದು ಮ್ಯಾಕ್‌ಫರ್ಲೇನ್‌ನ ಫೌಂಡ್ರಿಯಿಂದ. ದಂಡಿನ ಬಂಗಲೆಗಳ ಮುಂದೆ ಮರದ ಪಟ್ಟಿಗಳನ್ನು ಹೆಣೆದು ಕಟ್ಟಿದ ಮೊನಚು ನೆತ್ತಿಯ ಮೊಗಸಾಲೆಗಳಲ್ಲೂ, ಊರಿನವರು ಮಂಕಿ ಟಾಪ್ ಎನ್ನುವ ಅವುಗಳ ಮೇಲ್ಭಾಗದಲ್ಲೂ, ಇಂಗ್ಲಿಷ್ ತೋಟದ ಜಾಲರಿ ಕೆಲಸದ ಛಾಯೆ ಕಾಣುತ್ತದೆ. ಆದರೆ ಮನೆಯಿಂದ ದೂರ ನಿಲ್ಲುವ ಪುಟ್ಟ ಬೇಸಿಗೆಮನೆ ಇಲ್ಲಿ ಅಷ್ಟಾಗಿ ಬೇರೂರಲಿಲ್ಲ. ಜಗಲಿ, ಪಡಸಾಲೆ, ಬಂಗಲೆಯ ವರಾಂಡ ಇರುವಲ್ಲಿ ಗಾಳಿಗೆ ಕೂರಲು ಹೊರಗೆ ಹೋಗಬೇಕಿಲ್ಲ.

ಬರೆಯುವವರ ಗೂಡು

ಬೇಸಿಗೆಮನೆಯ ಅತ್ಯಂತ ಪ್ರಸಿದ್ಧ ನಿವಾಸಿ ಡಿಕನ್ಸನೇ. ಕೆಂಟ್ ಪ್ರಾಂತದ ಗ್ಯಾಡ್ಸ್ ಹಿಲ್ ಪ್ಲೇಸ್ ಎಂಬ ಅವನ ಮನೆಯ ಮುಂದೆ ಗ್ರೇವ್ಸೆಂಡ್–ರಾಚೆಸ್ಟರ್ ಹೆದ್ದಾರಿ ಹಾಯುತ್ತಿತ್ತು. ಆಚೆಯ ಮರಗಳ ತೋಪೂ ಅವನದೇ. ರಸ್ತೆ ದಾಟುವ ತೊಂದರೆ ತಪ್ಪಿಸಲು ನೆಲದಡಿ ಸುರಂಗ ತೋಡಿಸಿದ. ಅವನ ಗೆಳೆಯ, ನಟ ಚಾರ್ಲ್ಸ್ ಫೆಕ್ಟರ್ 1864ರ ಕ್ರಿಸ್ಮಸ್ ಸಮಯದಲ್ಲಿ ಸ್ವಿಸ್ ಶೈಲಿಯ ಎರಡಂತಸ್ತಿನ ಮರದ ಮನೆಯೊಂದನ್ನು ಕಾಣಿಕೆ ಕೊಟ್ಟ. ಅದು ಹೈಯಮ್ ರೈಲು ನಿಲ್ದಾಣಕ್ಕೆ ಬಂದಿಳಿದದ್ದು 58 ಪೆಟ್ಟಿಗೆಗಳಲ್ಲಿ, 94 ತುಂಡುಗಳಾಗಿ. ಡಿಕನ್ಸ್ ಅದನ್ನು ತೋಪಿನಲ್ಲಿ ನಿಲ್ಲಿಸಿ, ಮೇಲಂತಸ್ತಿನ ಕೋಣೆಯಲ್ಲಿ ಐದು ಕನ್ನಡಿಗಳನ್ನು ತೂಗುಹಾಕಿದ. ಎಲೆ, ಗೋಧಿಹೊಲ, ದೂರದ ನದಿಯಲ್ಲಿ ಸಾಗುವ ಹಾಯಿಗಳು ಎಲ್ಲ ಕಡೆಯಿಂದಲೂ ಮೇಜಿನ ಸುತ್ತ ಬಂದು ನಿಲ್ಲುತ್ತಿದ್ದವು. 1870ರ ಜೂನ್ 8ರಂದು ಅಲ್ಲೇ ಕೂತು ‘ದಿ ಮಿಸ್ಟರಿ ಆಫ್ ಎಡ್ವಿನ್ ಡ್ರೂಡ್’ ಕಾದಂಬರಿಯ ಪುಟಗಳನ್ನು ಬರೆದ. ಸಂಜೆ ಸುರಂಗ ದಾಟಿ ಮನೆಗೆ ಬಂದು ಊಟಕ್ಕೆ ಕೂತಾಗ ಕುಸಿದ, ಮರುದಿನ ತೀರಿಕೊಂಡ. ಕಾದಂಬರಿ ಅಲ್ಲಿಗೇ ನಿಂತಿದೆ. ಆ ಮರದ ಮನೆ ಕೆಲಕಾಲ ಕೋಬಮ್ ಹಾಲ್‌ನಲ್ಲಿದ್ದು, ಈಗ ರಾಚೆಸ್ಟರ್ ಪೇಟೆಯ ಈಸ್ಟ್‌ಗೇಟ್ ಹೌಸ್‌ನ ಹಿಂದಿದೆ.

ಡೌನ್ ಊರಿನಲ್ಲಿ ಚಾರ್ಲ್ಸ್ ಡಾರ್ವಿನ್ ದಿನವೂ ಸುತ್ತು ಹಾಕುತ್ತಿದ್ದ ಮರಳುಹಾದಿಯ ತುದಿಯಲ್ಲೂ ಒಂದು ಬೇಸಿಗೆಮನೆ ಇತ್ತು. ಅದನ್ನು ಹೆಚ್ಚಾಗಿ ಬಳಸಿದವರು ಅವನ ಮಕ್ಕಳು, ಆಟಕ್ಕೆ.

ಶತಮಾನದ ಕೊನೆ

1870ರ ನಂತರ ಬೇರಿನ ಗೂಡು, ಪಾಚಿಯ ಗೋಡೆಗಳು ಹಳೆಯ ರುಚಿ ಎನಿಸತೊಡಗಿದವು. ರೆಜಿನಾಲ್ಡ್ ಬ್ಲೋಮ್‌ಫೀಲ್ಡ್ 1892ರಲ್ಲಿ ‘ದಿ ಫಾರ್ಮಲ್ ಗಾರ್ಡನ್ ಇನ್ ಇಂಗ್ಲೆಂಡ್’ ಬರೆದು, ಉದ್ಯಾನ ಮನೆಯ ವಾಸ್ತುವಿಗೆ ಹೊಂದಬೇಕು, ಮಂಟಪಗಳು ಹಿಂದಿನಂತೆ ಇಟ್ಟಿಗೆ-ಕಲ್ಲಿನವಾಗಬೇಕು ಎಂದು ವಾದಿಸಿದ. ಎಡ್ವಿನ್ ಲಟ್ಯೆನ್ಸ್, ಮುಂದೆ ಹೊಸದಿಲ್ಲಿಯನ್ನು ರೂಪಿಸಿದವನು, 1895ರಲ್ಲಿ ಉದ್ಯಾನ ವಿನ್ಯಾಸಕಿ ಗರ್ಟ್ರೂಡ್ ಜೀಕಿಲ್‌ಗಾಗಿ ಸರ‍್ರೆಯ ಮನ್‌ಸ್ಟೆಡ್ ವುಡ್‌ನಲ್ಲಿ ಕಟ್ಟಿದ ‘ಥಂಡರ್ ಹೌಸ್’ ಆ ಹೊಸ ರುಚಿಯದು. ತೋಟದ ಗೋಡೆಗಳು ಕೂಡುವ ಮೂಲೆಯಲ್ಲಿ ಮೂರು ಮೂಲೆಯ ಕಟ್ಟಡ. ಮೇಲೆ ಹತ್ತಿ ಕೂತರೆ ಕಣಿವೆಯಾಚೆ ಗುಡುಗು-ಸಿಡಿಲು ನೋಡಬಹುದು. ಜೀಕಿಲ್‌ಗೆ ದೃಷ್ಟಿ ಮಂದ. ಆದರೂ ಮಳೆ ಬಂದಾಗ ಒಳಗೆ ಓಡುವ ಬದಲು ಹೊರಗೆ ಬರಲು ಕಟ್ಟಿಸಿದ ಬೇಸಿಗೆಮನೆ ಇದು.

ಕ್ಷಯರೋಗಕ್ಕೆ ತೆರೆದ ಗಾಳಿಯೇ ಮದ್ದು ಎಂಬ ಚಿಕಿತ್ಸೆ ಜರ್ಮನಿಯಿಂದ ಬಂದ ಮೇಲೆ, ಕಬ್ಬಿಣದ ಚಕ್ರಗಳ ಮೇಲೆ ಕೂತು ಬಿಸಿಲಿನತ್ತ ತಿರುಗಿಸಬಹುದಾದ ಮರದ ಗೂಡುಗಳು ಬಂದವು. ನಾರಿಚ್‌ನ ಬೌಲ್ಟನ್ ಅಂಡ್ ಪಾಲ್ ಕಂಪನಿ ಅವನ್ನು ಕ್ಯಾಟಲಾಗಿನಲ್ಲಿ ಮಾರಿತು. ಜಾರ್ಜ್ ಬರ್ನಾರ್ಡ್ ಶಾ ಏಯಟ್ ಸೇಂಟ್ ಲಾರೆನ್ಸ್‌ನ ತನ್ನ ತೋಟದ ತುದಿಯಲ್ಲಿ ಅಂಥದೇ ತಿರುಗುವ ಗುಡಿಸಲಿನಲ್ಲಿ ಕೂತು ನಾಟಕ ಬರೆದ. ಅದಕ್ಕೆ ‘ಲಂಡನ್’ ಎಂದು ಹೆಸರಿಟ್ಟಿದ್ದ. ಬೇಡದ ಅತಿಥಿ ಬಂದರೆ ಸಾಹೇಬರು ಲಂಡನ್ನಿನಲ್ಲಿದ್ದಾರೆ ಎಂದು ಮನೆಯವರು ಧಾರಾಳವಾಗಿ ಹೇಳಬಹುದಿತ್ತು.

ಅಟ್ಲಾಂಟಿಕಿನ ಆಚೆ, ಉಳಿದವು

ಅಮೆರಿಕಕ್ಕೆ ಈ ರುಚಿಯನ್ನು ಹಬ್ಬಿಸಿದವನು ಆಂಡ್ರೂ ಜಾಕ್ಸನ್ ಡೌನಿಂಗ್. 1841ರ ಅವನ ಉದ್ಯಾನಗ್ರಂಥಕ್ಕೆ ಲೌಡನ್‌ನ ಋಣವಿದೆ. ಅವನು 1850ರಲ್ಲಿ ಲಂಡನ್ನಿನಿಂದ ಕರೆತಂದ ಕ್ಯಾಲ್ವರ್ಟ್ ವಾಕ್ಸ್, ಮುಂದೆ ಓಲ್ಮ್‌ಸ್ಟೆಡ್ ಜೊತೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ರೂಪಿಸಿದಾಗ ಅಲ್ಲಿ ತೊಗಟೆಯ ಮರದ ಮಂಟಪಗಳನ್ನು ಹಾಕಿಸಿದ. ಕಟ್ಟಿದವನು ಆಂಟನ್ ಗರ್ಸ್ಟರ್ ಎಂಬ ಹಂಗೇರಿಯ ಬಡಗಿ. ಖಾಸಗಿ ಹಿತ್ತಿಲಿಲ್ಲದ ನಗರವಾಸಿಗೂ ಅಲ್ಲಿ ಒಂದು ಗಳಿಗೆಯ ಬೇಸಿಗೆಮನೆ ಸಿಕ್ಕಿತು. ಅವುಗಳಲ್ಲಿ ಹೆಚ್ಚಿನವು ಹೋದವು, ಕೆಲವನ್ನು ಮತ್ತೆ ಕಟ್ಟಿದ್ದಾರೆ.

ಇಂಗ್ಲೆಂಡಿನಲ್ಲೂ ಉಳಿಕೆಯ ಲೆಕ್ಕ ಹೀಗೆಯೇ. ಇಟ್ಟಿಗೆ, ಕಲ್ಲು, ಕಬ್ಬಿಣದವು ನಿಂತಿವೆ. ಹೆಚ್ಚು ಸಂಖ್ಯೆಯಲ್ಲಿದ್ದ ಮರ, ಪಾಚಿ, ಹುಲ್ಲಿನವು ಮಾಯವಾಗಿವೆ. ಮೊದಲ ಮಹಾಯುದ್ಧಕ್ಕೆ ತೋಟದ ಆಳುಗಳು ಹೋದ ಮೇಲೆ ಪಾಚಿ ತುಂಬುವವರು, ಹುಲ್ಲು ಹೊದಿಸುವವರು ಸಿಗಲಿಲ್ಲ. ಹತ್ತು ವರ್ಷ ಕೈಬಿಟ್ಟರೆ ಸಾಕು, ಬೇರಿನ ಮನೆ ಮತ್ತೆ ಬೇರುಗಳ ಕುಪ್ಪೆ. ವಿಕ್ಟೋರಿಯಾ ಕಾಲದ ಬೇಸಿಗೆಮನೆಯೆಂದು ಇಂದು ಮರುಕಟ್ಟಿ ತೋರಿಸುವ ಅನೇಕ ಕಡೆ ಹಳೆಯದೆಂಬುದು ನೆಲಗಟ್ಟು ಮಾತ್ರ.

ಇದಕ್ಕೆ ಬೇರೆ ದಾರಿ ಹಿಡಿದದ್ದು ನ್ಯೂಯಾರ್ಕ್ ರಾಜ್ಯದ ಮೊಹಾಂಕ್. ಕ್ವೇಕರ್ ಪಂಥದ ಅವಳಿ ಸೋದರರಾದ ಆಲ್ಬರ್ಟ್ ಮತ್ತು ಆಲ್‌ಫ್ರೆಡ್ ಸ್ಮೈಲಿ 1869ರಲ್ಲಿ ಅಲ್ಲಿನ ಬೆಟ್ಟದ ಕೆರೆಯ ದಂಡೆಯನ್ನು ಕೊಂಡು ವಸತಿಗೃಹ ತೆರೆದರು. ಮದ್ಯ, ಇಸ್ಪೀಟು, ನೃತ್ಯ ಮೂರಕ್ಕೂ ಆಗ ನಿಷೇಧವಿತ್ತು. ಅತಿಥಿಗಳಿಗೆ ಉಳಿದದ್ದು ನಡೆಯುವುದು, ಕೂರುವುದು. ಕೂರಲೆಂದು ಬಂಡೆಯ ನೆತ್ತಿ, ಕಮರಿಯ ಅಂಚುಗಳಲ್ಲೆಲ್ಲ ಮರದ ಬೇಸಿಗೆಮನೆಗಳನ್ನು ಹಾಕಿಸಿದರು. ಇಂದೂ ಅಲ್ಲಿ ನೂರಕ್ಕೂ ಹೆಚ್ಚು ಇವೆ. ಕಂಬ ಕೆಟ್ಟರೆ ಕಂಬ, ಮಾಡು ಸೋರಿದರೆ ಮಾಡು, ತೀರ ಹಳತಾದರೆ ಇಡೀ ಮಂಟಪವನ್ನೇ ತೆಗೆದು, ಅದೇ ಬಂಡೆಯ ಮೇಲೆ ಅದೇ ಆಕಾರದಲ್ಲಿ ಬಡಗಿಗಳು ಹೊಸದನ್ನು ನಿಲ್ಲಿಸುತ್ತಾರೆ.